ಹತ್ತೂ ಇಪ್ಪತ್ತರ ಗಾಡಿ

ಯಾದಗಿರಿಯಿಂದ ಶಹಾಪುರಕ್ಕ ದಿನಕ್ಕ ನಾಕು ಟ್ರಿಪ್ಪು ನಂದು.
ದೋರನಹಳ್ಳಿ ಸ್ಟಾಪಿನಾಗ ಗಾಡಿ ಒಂದು ನಿಮಿಷ ನಿಲ್ತದ.
ಎದುರಿಗೆ ಹಳದಿ ಕಂಪೌಂಡು,
ಅದರ ಮ್ಯಾಲೆ ಆನಿ, ಆನಿ ಬೆನ್ನಮ್ಯಾಲೆ ಅಂಕಿ,
ಒಳಗ ನನ್ನ ಮಗಳು.

ಸೋಮವಾರ ನಾನೇ ಬಿಟ್ಟು ಬಂದೆ.
ಬೂಟು ಒಂದು ಸೈಜು ದೊಡ್ಡದು, ಬೆಳೀತಾಳಲ್ಲ ಅಂತ ತಂದದ್ದು,
ಮುಂದ ಹತ್ತಿ ತುರುಕಿತ್ತು.
ಗೇಟಿನ ತನಕ ಹರಟಿ ಹೊಡಕೋತ ಬಂದಾಕಿ
ಗೇಟು ಕಂಡದ್ದೇ ನನ್ನ ಖಾಕಿ ಕಿಸೆದಾಗ ಕೈ ಹಾಕಿ ಗಟ್ಟಿ ಹಿಡಕೊಂಡ್ಳು.
ಚಿಲ್ಲರ ಇಡೋ ಕಿಸೆ.
ಬೆರಳು ಒಂದೊಂದೇ ಬಿಡಿಸಿದೆ.
ಮುಷ್ಟ್ಯಾಗ ಎರಡು ರೂಪಾಯಿ ನಾಣ್ಯ ಇತ್ತು.
ಇರಲಿ ಇಟ್ಕೊ ಅಂದೆ.
ಆ ದಿನ ಲೆಕ್ಕದಾಗ ಎರಡು ರೂಪಾಯಿ ಕಡಿಮಿ ಬಿತ್ತು.

ಹತ್ತೂ ಇಪ್ಪತ್ತಕ್ಕ ಗಾಡಿ ಬಂದು ನಿಂತಾಗ ಒಳಗಿಂದ ಅಳು.
ಮೂವತ್ತು ಮಕ್ಕಳು ಅಳ್ತಾವ,
ಯಾರದು ಯಾವುದು ಅಂತ ಹೆಂಗ ಹೇಳೋದು ಅಂತಾರ ಮಂದಿ.
ಹೇಳಬಹುದು.
ಬದನಿಕಾಯಿ ಬುಟ್ಟಿ ಹೊತ್ತ ಮುದುಕಿ ಹತ್ತಲಾಕತ್ತಿದ್ಳು,
ಆಧಾರ್ ಕಾರ್ಡು ಸೆರಗಿನ ಗಂಟಿನಾಗ,
ಗಂಟು ಬಿಚ್ಚಲಾಕ ಆಗವಲ್ದು.
ಅವಸರ ಮಾಡಬ್ಯಾಡಬೇ ಯವ್ವಾ, ನಿಧಾನ ಬಿಚ್ಚು, ಅಂದೆ.
ಎಂದೂ ಹಂಗ ಅಂದಾಕಿ ಅಲ್ಲ ನಾ.
ಒಂದು ನಿಮಿಷ ಹೋಗಿ ಮೂರು ಆತು.
ಲಾಡ್ಲೇಸಾಬ ಕನ್ನಡಿಯಾಗ ನನ್ನ ನೋಡಿದ, ಗೇರ್ ಹಾಕಲಿಲ್ಲ.
ಸೀಟಿ ಊದಬೇಕಾದಾಕಿ ನಾನೇ.
ಬಾಯಾಗ ಸೀಟಿ ಇತ್ತು, ಉಸುರು ಇರಲಿಲ್ಲ.

ಮಂಗಳವಾರ ಮಿಸ್ ಫೋನ್ ಮಾಡಿದ್ರು:
ಹಾಜರಿ ಕರದ್ರ ನಿಮ್ಮ ಹುಡುಗಿ ಸುಮ್ನ ಕೂಡ್ತದ,
ಕಿವಿ ಕೇಳಸ್ತದ ಹೌದಿಲ್ಲ?
ಏನಂತ ಕರದ್ರಿ?
ನಿವೇದಿತಾ.
ತಪ್ಪು ನಮ್ದೇ. ಆ ಹೆಸರು ಬರೇ ಫಾರ್ಮಿನಾಗ ಅದ.
ಮನ್ಯಾಗ ಆಕಿ ನಿಂಗಿ, ನಮ್ಮತ್ತಿ ಹೆಸರು,
ಒಮ್ಮೆ ಕೂಗಿದ್ರ ಓಣಿಗೆಲ್ಲ ಕೇಳೂ ಹೆಸರು.
ಆ ರಾತ್ರಿ ರೊಟ್ಟಿ ಬಡಕೋತ ಕರದೆ: ನಿವೇದಿತಾ.
ತಿರುಗಿ ಬಾಗಲ ನೋಡಿದ್ಳು, ಯಾರೋ ಬಂದಾರ ಅಂತ.
ಬಂದಿದ್ರು, ಹೌದು.

ಬುಧವಾರ ಲಾಡ್ಲೇಸಾಬ ಸ್ಟಾಪಿಗೆ ಬರೂಕಿಂತ ಮೊದಲೇ
ಎರಡು ಗಿಡ್ಡ, ಒಂದು ಉದ್ದ ಹಾರ್ನ್ ಹೊಡದ.
ಹೊಡೀಬಾರದು, ಸಾಲಿ ಮುಂದ ಬೋರ್ಡ್ ಅದ.
ಕಿಡಕಿಯಾಗ ಕೆಂಪು ರಿಬ್ಬನ್ ಒಂದು ಎದ್ದು ಬಂತು.
ಮೂಗು ಸರಳಿಗೆ ಒತ್ತಿ, ಡಬ್ಬಿ ಬೋರಲು ಮಾಡಿ ತೋರಿಸಿದ್ಳು:
ಸುಸಲಾ ಖಾಲಿ.
ಗಾಡಿಯೊಳಗ ಅರ್ಧ ಮಂದಿ ಕೈ ಬೀಸಿದ್ರು.
ಶಹಾಪುರದ ತನಕ ನಾ ನಿಂತೇ ಇದ್ದೆ, ಸೀಟು ಖಾಲಿ ಇದ್ರೂ.
ಮುಂದ ಗುಡ್ಡದಾಗ ಬುದ್ಧ ಅಂಗಾತ ಮಲಗಿದ್ದ, ಯಾವಾಗಿನಂಗ.
ಮಧ್ಯಾಹ್ನ ಇವರನ್ನೂ ಚಾಪಿ ಮ್ಯಾಲೆ ಹಿಂಗೇ ಮಲಗಸ್ತಾರಂತ,
ನಿದ್ದಿ ಬರದಿದ್ರೂ ಕಣ್ಣು ಮುಚ್ಚಬೇಕಂತ.
ಅವನಿಗೂ ಯಾವ ಮಿಸ್ ಹೇಳ್ಯಾರೋ.

ಗುರುವಾರ ಹಾರ್ನ್ ಹೊಡದ್ರೂ ಕಿಡಕಿ ಖಾಲಿ.
ಅಂಗಳದಾಗ, ಬೇವಿನ ಗಿಡದ ಬುಡಕ್ಕ ಒಂದು ಸಾಲು,
ಒಬ್ಬರ ಅಂಗಿ ಒಬ್ಬರು ಹಿಡಕೊಂಡು ಗಾಡಿ ಆಗ್ಯಾವ.
ಹಿಂದಿನ ಬಾಗಲದಾಗ ಆಕಿ,
ಬೇವಿನೆಲಿ ಹರದು ಹರದು ಕೊಡಲಾಕತ್ತಾಳ.
ಒಳಗ ಸರೀರಿ, ಒಳಗ ಜಾಗ ಅದ,
ಅಂತಾಳ ಅಳೂ ಹುಡುಗನಿಗೆ.
ನನ್ನದೇ ದನಿ, ನನ್ನದೇ ಸಿಟ್ಟು.
ನಾ ಇಲ್ಲೇ ಅದೀನಿ, ಹದಿನೈದು ಮಾರು ದೂರ.
ತಿರುಗಿ ನೋಡಲಿಲ್ಲ.

ಕರೀಲೇನು? ಅಂದ ಲಾಡ್ಲೇಸಾಬ.
ಏನಂತ ಕರೀತಿ ಭಾಯಿ?
ಮುದುಕಿ ಹತ್ತಿದ್ಳು.
ಇವತ್ತು ಕಾರ್ಡು ಕೈಯಾಗೇ ಹಿಡಕೊಂಡಿದ್ಳು ಪುಣ್ಯಾತಗಿತ್ತಿ,
ಒಂದು ಗಳಿಗಿ ತಡಾ ಮಾಡಲಾಕೂ ನೆವ ಉಳೀಲಿಲ್ಲ.
ಸೀಟಿ ಊದಿದೆ.
ಬೇವಿನ ಗಿಡದ ಬುಡದಿಂದ ಆ ಗಾಡಿನೂ ಹೊಂಟಿತು,
ನನ್ನ ಸೀಟಿಗೇ.